‘ಹಿಂದಿನದನ್ನು ಮರೆತುಬಿಡಿ’ ಎನ್ನುವ ಫಾರ್ವರ್ಡ್: ಮರೆಯದಿದ್ದರೆ ಕಾಯಿಲೆ ಬರುತ್ತದೆಯೇ?

ಬೆಳಗ್ಗೆ ಆರೂವರೆಗೆ ಬರುವ ಆ ಮೆಸೇಜ್ ನಿಮಗೂ ಬಂದಿರುತ್ತದೆ. ಸೂರ್ಯೋದಯದ ಚಿತ್ರ, ಒಂದು ತಾವರೆ, ಕೆಳಗೆ ಹಳದಿ ಅಕ್ಷರಗಳಲ್ಲಿ ಒಂದಷ್ಟು ಉಪದೇಶ. ಹಳೆಯದನ್ನು ಬಿಡಿ, ಮರೆಯಿರಿ, ಮುಂದೆ ನಡೆಯಿರಿ. ಕೊನೆಯಲ್ಲಿ ಯಾರಾದರೂ ಮಹಾತ್ಮರ ಹೆಸರು.

ಬೆಂಗಳೂರಿನ ಕಲ್ಯಾಣ ನಗರದ ಓದುಗರೊಬ್ಬರು ಇಂಥದ್ದೊಂದನ್ನು ನಮಗೆ ಕಳುಹಿಸಿ ‘ಇದು ನಿಜವೇ?’ ಎಂದು ಕೇಳಿದ್ದಾರೆ. ಅವರ ಪತಿ 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಅಂದಿನಿಂದ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ, ನೆಂಟರ ಗ್ರೂಪ್‌ನಲ್ಲಿ ‘ಲೆಟ್ ಗೋ’ ಮೆಸೇಜ್‌ಗಳು ಬರುತ್ತಲೇ ಇವೆ. ಅವನ್ನು ನೋಡಿಯೂ ನೋಡದಂತೆ ಇದ್ದವರು, ಈ ಬಾರಿ ಬಂದದ್ದನ್ನು ಓದಿ ಹೆದರಿದ್ದಾರೆ. ಏಕೆಂದರೆ ಇದರಲ್ಲಿ ಉಪದೇಶದ ಜತೆ ‘ವಿಜ್ಞಾನ’ವೂ ಇತ್ತು. ನಮ್ಮ ದೇಹದ ಎಲ್ಲ ಜೀವಕೋಶಗಳೂ 7 ವರ್ಷಕ್ಕೊಮ್ಮೆ ಬದಲಾಗುತ್ತವಂತೆ, ಹಾಗಾಗಿ ಹಳೆಯ ನೋವನ್ನು ಅನುಭವಿಸಿದ ‘ನೀವು’ ಈಗ ಇಲ್ಲವಂತೆ. ಬಿಡದೆ ಹಿಡಿದಿಟ್ಟುಕೊಂಡ ದುಃಖ ಮತ್ತು ಸಿಟ್ಟು ಕ್ಯಾನ್ಸರ್ ಗಡ್ಡೆಯಾಗುತ್ತದಂತೆ. ಗೀತೆ, ಬುದ್ಧ, ಬಸವಣ್ಣ ಎಲ್ಲರೂ ಹೇಳಿದ್ದು ಇದನ್ನೇ ಅಂತೆ. 11 ಜನರಿಗೆ ಕಳುಹಿಸಿದರೆ 4 ದಿನದಲ್ಲಿ ಶುಭ ಸುದ್ದಿ.

ಅವರ ಪ್ರಶ್ನೆ ನೇರವಾಗಿತ್ತು: ‘ಅವರನ್ನು ಮರೆಯಲು ನನಗೆ ಆಗುತ್ತಿಲ್ಲ. ನನಗೂ ಕ್ಯಾನ್ಸರ್ ಬರುತ್ತದೆಯೇ?’

ಮರೆಯಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಇನ್ನುಳಿದದ್ದನ್ನು ಒಂದೊಂದಾಗಿ ನೋಡೋಣ.

7 ವರ್ಷದ ಲೆಕ್ಕ

ಇದು ಅರ್ಧ ಸತ್ಯವೂ ಅಲ್ಲ, ಕಾಲು ಸತ್ಯ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ, ಚರ್ಮದ ಮೇಲ್ಪದರದವು ವಾರಗಳಲ್ಲಿ ಬದಲಾಗುತ್ತವೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಆದರೆ ಮಿದುಳಿನ ಕತೆಯೇ ಬೇರೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ 2005ರಲ್ಲಿ ಒಂದು ಜಾಣ ಉಪಾಯ ಮಾಡಿತು. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತ್ತು. ಅದು ಆಹಾರದ ಮೂಲಕ ಮನುಷ್ಯರ ಡಿಎನ್‌ಎ ಸೇರಿತ್ತು. ಯಾವ ಕೋಶದಲ್ಲಿ ಎಷ್ಟಿದೆ ಎಂದು ಅಳೆದರೆ ಆ ಕೋಶ ಹುಟ್ಟಿದ್ದು ಯಾವಾಗ ಎಂದು ಹೇಳಬಹುದು. ಹಾಗೆ ನೋಡಿದಾಗ ಮಿದುಳಿನ ಹೊರಪದರದ ನರಕೋಶಗಳಿಗೆ ಆ ವ್ಯಕ್ತಿಯಷ್ಟೇ ವಯಸ್ಸಾಗಿತ್ತು. ಅಂದರೆ ಮದುವೆಯ ದಿನ ನಿಮ್ಮ ಮಿದುಳಿನ ಹೊರಪದರದಲ್ಲಿದ್ದ ನರಕೋಶಗಳಲ್ಲಿ ಬಹುಪಾಲು ಇವತ್ತೂ ಅಲ್ಲೇ ಇವೆ. ‘ಅನುಭವಿಸಿದ ನೀವು ಈಗ ಇಲ್ಲ’ ಎಂಬ ಮಾತು ಕೇಳಲು ಚೆಂದ, ಅಷ್ಟೇ.

ದುಃಖ ಗಡ್ಡೆಯಾಗುತ್ತದೆಯೇ?

ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈ ಮಾತು ದುಃಖದಲ್ಲಿರುವವರನ್ನು ಹೆದರಿಸುತ್ತದೆ. ಜತೆಗೆ ಕ್ಯಾನ್ಸರ್ ಬಂದವರಿಗೆ ‘ನಿನ್ನ ಮನಸ್ಸಿನಿಂದಲೇ ಬಂತು’ ಎಂಬ ಅಪವಾದವನ್ನೂ ಹೊರಿಸುತ್ತದೆ. ಮನೆಗೆ ಬಂದ ನೆಂಟರು ರೋಗಿಯ ಎದುರೇ ಹೀಗೆ ಹೇಳುವುದನ್ನು ನಾವು ಕೇಳಿದ್ದೇವೆ.

ನೆದರ್ಲೆಂಡ್ಸ್, ಬ್ರಿಟನ್, ನಾರ್ವೆ ಮತ್ತು ಕೆನಡಾದ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2023ರಲ್ಲಿ ಪ್ರಕಟವಾಯಿತು. ಖಿನ್ನತೆ ಅಥವಾ ಆತಂಕ ಇದ್ದವರಲ್ಲಿ ಸ್ತನ, ಪ್ರಾಸ್ಟೇಟ್, ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಕಾಣಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಮತ್ತು ಧೂಮಪಾನಕ್ಕೆ ಸಂಬಂಧಿಸಿದ ಇತರ ಕ್ಯಾನ್ಸರ್‌ಗಳಲ್ಲಿ ಸಂಬಂಧ ಕಂಡಿತು. ಆದರೆ ಬೀಡಿ-ಸಿಗರೇಟಿನಂಥ ಅಭ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಬಹಳಷ್ಟು ಇಳಿಯಿತು. ದುಃಖದಲ್ಲಿ ಸಿಗರೇಟು ಹಿಡಿದವರಿಗೆ ಅಪಾಯ ಸಿಗರೇಟಿನದು.

ದುಃಖ ದೇಹವನ್ನು ಮುಟ್ಟುವುದೇ ಇಲ್ಲ ಎಂದೇನೂ ಅಲ್ಲ. ಮುಟ್ಟುತ್ತದೆ, ಹೆಚ್ಚಾಗಿ ಹೃದಯವನ್ನು. ಬ್ರಿಟನ್ನಿನಲ್ಲಿ 60 ದಾಟಿದವರ ವೈದ್ಯಕೀಯ ದಾಖಲೆಗಳನ್ನು ನೋಡಿದ 2014ರ ಅಧ್ಯಯನದ ಪ್ರಕಾರ, ಬಾಳಸಂಗಾತಿ ತೀರಿಕೊಂಡ ಮೊದಲ 30 ದಿನಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು ಶೇ 0.16. ಅದೇ ಅವಧಿಯಲ್ಲಿ, ಸಂಗಾತಿಯನ್ನು ಕಳೆದುಕೊಳ್ಳದವರಲ್ಲಿ ಶೇ 0.08. ಎರಡರಷ್ಟು ನಿಜ, ಆದರೂ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಇದರಿಂದ ಕಲಿಯಬೇಕಾದದ್ದು ‘ಅಳಬೇಡಿ’ ಎಂದಲ್ಲ. ಸಾವಿನ ಮನೆಯಲ್ಲಿ ಹಿರಿಯರ ಬಿಪಿ, ಶುಗರ್ ಮಾತ್ರೆ ತಪ್ಪದಂತೆ ಯಾರಾದರೂ ಒಬ್ಬರು ನೋಡಿಕೊಳ್ಳಬೇಕು ಎಂದು.

‘ಮರೆಯಿರಿ’ ಎಂದರೆ ಮನಸ್ಸು ಏನು ಮಾಡುತ್ತದೆ?

ಮುಂದಿನ ಒಂದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ. ಆಗಲಿಲ್ಲ, ಅಲ್ಲವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ವಿದ್ಯಾರ್ಥಿಗಳು 5 ನಿಮಿಷ ಮನಸ್ಸಿಗೆ ಬಂದದ್ದನ್ನು ಹೇಳುತ್ತಾ ಹೋಗಬೇಕು, ಬಿಳಿ ಕರಡಿಯ ನೆನಪು ಬಂದಾಗ ಗಂಟೆ ಬಾರಿಸಬೇಕು. ನೆನೆಯಬೇಡಿ ಎಂದಾಗಲೂ ಗಂಟೆ ಬಾರಿಸುತ್ತಲೇ ಇತ್ತು. ಸ್ವಾರಸ್ಯ ಇರುವುದು ಮುಂದಿನ ಹಂತದಲ್ಲಿ. ‘ಈಗ ನೆನೆಯಬಹುದು’ ಎಂದ ಮೇಲೆ, ಮೊದಲು ಅದುಮಿಟ್ಟವರ ಮನಸ್ಸಿಗೆ ಕರಡಿ ಇನ್ನೂ ಹೆಚ್ಚಾಗಿ ನುಗ್ಗಿತು. ನೆನಪನ್ನು ದೂರ ಇಡಬೇಕಾದರೆ ಅದು ಬಂತೇ ಎಂದು ಮನಸ್ಸು ಕಾವಲು ಕಾಯಬೇಕು, ಕಾವಲು ಕಾಯುವುದೆಂದರೆ ನೆನೆಯುವುದೇ.

ಕರಡಿಯ ಜಾಗದಲ್ಲಿ ಗಂಡನ ಕೊನೆಯ ವಿಡಿಯೊ ಕಾಲ್ ಇಟ್ಟು ನೋಡಿ. ಬೆಳಗ್ಗೆ ‘ಮರೆತುಬಿಡಿ’ ಎಂದು ಮೆಸೇಜ್ ಕಳುಹಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿರುತ್ತಾರೆ. ಆದರೆ ಆ ಮೆಸೇಜ್ ಮಾಡುವುದು ನೆನಪಿಸುವ ಕೆಲಸವನ್ನೇ.

ಇದಕ್ಕೆ ವಿರುದ್ಧ ತುದಿಯಲ್ಲಿ ಇನ್ನೊಂದು ಸಮಸ್ಯೆ ಇದೆ: ಒಂದೇ ಯೋಚನೆಯನ್ನು ದಿನವಿಡೀ ಮೆಲುಕು ಹಾಕುವುದು. ಆಕ್ಸಿಜನ್ ಬೇಗ ಸಿಕ್ಕಿದ್ದರೆ, ಎರಡು ದಿನ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ, ಆ ಮದುವೆಗೆ ಹೋಗದಿದ್ದಿದ್ದರೆ. ಸೂಸನ್ ನೋಲನ್-ಹೋಕ್ಸೆಮಾ ಎಂಬ ಸಂಶೋಧಕಿ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪ ಆದಾಗ ಅವರ ಕೈಯಲ್ಲಿ ವಿದ್ಯಾರ್ಥಿಗಳ ಮನಸ್ಥಿತಿಯ ಹಿಂದಿನ ದಾಖಲೆ ಇತ್ತು. ಮೊದಲಿನಿಂದಲೂ ಮೆಲುಕು ಹಾಕುವ ಸ್ವಭಾವ ಇದ್ದವರಲ್ಲಿ ಭೂಕಂಪದ ವಾರಗಳ ನಂತರವೂ ಖಿನ್ನತೆಯ ಲಕ್ಷಣ ಹೆಚ್ಚು ಉಳಿದಿತ್ತು. ಹಾಗಾಗಿ ‘ಬಿಡುವುದು’ ಎಂಬ ಮಾತಿಗೆ ಅರ್ಥವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬಿಡಬೇಕಾದದ್ದು ಆ ಗಾಣದ ಸುತ್ತನ್ನು. ವ್ಯಕ್ತಿಯನ್ನಲ್ಲ, ನೆನಪನ್ನಲ್ಲ.

ಗೀತೆ, ಬುದ್ಧ, ಬಸವಣ್ಣ ಹೀಗೆ ಹೇಳಿದ್ದಾರೆಯೇ?

ಆಗಿದ್ದೆಲ್ಲ ಒಳ್ಳೆಯದಕ್ಕೇ ಆಗಿದೆ, ಕಳೆದುಕೊಳ್ಳಲು ನೀನು ತಂದದ್ದಾದರೂ ಏನು ಎಂಬ ಧಾಟಿಯ ‘ಗೀತಾಸಾರ’ ಗೊತ್ತಲ್ಲ. ಕ್ಯಾಲೆಂಡರ್‌ನಲ್ಲಿ, ಹೋಟೆಲ್ ಗೋಡೆಯಲ್ಲಿ, ಆಟೊದ ಹಿಂಬದಿಯಲ್ಲಿ ಇರುತ್ತದೆ. ಅದು ಭಗವದ್ಗೀತೆಯ 700 ಶ್ಲೋಕಗಳಲ್ಲಿ ಯಾವುದರ ಅನುವಾದವೂ ಅಲ್ಲ. ಯಾರೋ ತಮಗೆ ತಿಳಿದಂತೆ ಬರೆದ ಸಾರಾಂಶ. ಅದನ್ನು ಓದಿ ಸಮಾಧಾನ ಆಗುವವರಿಗೆ ನಮ್ಮ ತಕರಾರಿಲ್ಲ. ಆದರೆ ಮೂಲ ಗೀತೆಯಲ್ಲಿ ಇರುವುದು ಬೇರೆ ಚಿತ್ರ.

ಶೋಕಿಸಬೇಡ ಎಂದು ಕೃಷ್ಣ ಎರಡನೇ ಅಧ್ಯಾಯದಲ್ಲೇ ಹೇಳುತ್ತಾನೆ, ನಿಜ. ಆದರೆ ಅಷ್ಟಕ್ಕೆ ಅರ್ಜುನ ಎದ್ದು ಬಿಲ್ಲು ಹಿಡಿಯುವುದಿಲ್ಲ. ಮತ್ತೆ ಮತ್ತೆ ಪ್ರಶ್ನೆ ಕೇಳುತ್ತಾನೆ, ಕೃಷ್ಣ ಉತ್ತರಿಸುತ್ತಲೇ ಹೋಗುತ್ತಾನೆ, 18 ಅಧ್ಯಾಯಗಳಾಗುತ್ತವೆ. ಅದೇ ಎರಡನೇ ಅಧ್ಯಾಯದ 63ನೇ ಶ್ಲೋಕದಲ್ಲಿ ಮನುಷ್ಯ ಹಾಳಾಗುವ ಮೆಟ್ಟಿಲುಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಸ್ಮೃತಿ ಕೆಡುವುದೂ ಒಂದು. ಕೊನೆಗೆ 18ನೇ ಅಧ್ಯಾಯದ 73ನೇ ಶ್ಲೋಕದಲ್ಲಿ ಅರ್ಜುನ ತನ್ನ ಮೋಹ ಹೋಯಿತು, ಸ್ಮೃತಿ ಮರಳಿ ಸಿಕ್ಕಿತು ಎಂಬರ್ಥದಲ್ಲಿ ಮಾತು ಮುಗಿಸುತ್ತಾನೆ. ಅಲ್ಲಿ ಸ್ಮೃತಿ ಎಂದರೆ ನಿನ್ನೆ-ಮೊನ್ನೆಯ ನೆನಪಷ್ಟೇ ಅಲ್ಲ, ತಾನು ಯಾರು ಎಂಬ ಅರಿವು ಕೂಡ. ಏನೇ ಇರಲಿ, ಮರೆವನ್ನು ಔಷಧಿಯಾಗಿ ಕೊಡುವ ಪುಸ್ತಕ ಅದಲ್ಲ.

ಬುದ್ಧನ ವಿಷಯಕ್ಕೆ ಬಂದರೆ, ಕಿಸಾ ಗೋತಮಿಯ ಕತೆ ಶಾಲೆಯ ದಿನಗಳಿಂದ ನಮಗೆ ಗೊತ್ತು. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತಾ ಬಂದವಳಿಗೆ, ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಬುದ್ಧ ಹೇಳುತ್ತಾನೆ. ನಾವು ಈ ಕತೆಯನ್ನು ‘ಸಾವು ಎಲ್ಲರಿಗೂ ಇದೆ, ಅಳಬೇಡ’ ಎಂದು ಒಂದು ಸಾಲಿಗೆ ಇಳಿಸಿಬಿಡುತ್ತೇವೆ. ಬುದ್ಧ ಆ ಸಾಲನ್ನು ಹೇಳಿ ಅವಳನ್ನು ಕಳುಹಿಸಬಹುದಿತ್ತು, ಕಳುಹಿಸಲಿಲ್ಲ. ಅವಳನ್ನು ಮನೆಯಿಂದ ಮನೆಗೆ ನಡೆಸಿದ. ಪ್ರತಿ ಬಾಗಿಲಲ್ಲೂ ಅವಳು ಕೇಳಿದಳು, ಪ್ರತಿ ಮನೆಯವರೂ ತಮ್ಮಲ್ಲಿ ಸತ್ತವರ ಬಗ್ಗೆ ಹೇಳಿದರು. ಸಂಜೆಯ ಹೊತ್ತಿಗೆ ಅವಳು ಊರಿನ ಅರ್ಧ ದುಃಖವನ್ನು ಕೇಳಿಸಿಕೊಂಡಿದ್ದಳು. ಆಮೇಲೆ ಮಗುವನ್ನು ಕೆಳಗಿಳಿಸಿದಳು.

ಇನ್ನು ಬಸವಣ್ಣ. ಈ ಫಾರ್ವರ್ಡ್‌ನಲ್ಲಿ ಅವರ ಹೆಸರಿನ ಸಾಲುಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವೇ ಇಲ್ಲ. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿಗೆ ಗುಹೇಶ್ವರ ಇದ್ದ ಹಾಗೆ ಬಸವಣ್ಣನವರ ವಚನಕ್ಕೆ ಆ ಅಂಕಿತ ಗುರುತು. (ಡಿ.ವಿ.ಜಿ. ಹೆಸರಿನಲ್ಲಿ ಬರುವ ಕಗ್ಗಗಳಿಗೂ ಒಂದು ಪರೀಕ್ಷೆ: ಕೊನೆಯಲ್ಲಿ ‘ಮಂಕುತಿಮ್ಮ’ ಇಲ್ಲದಿದ್ದರೆ ಅನುಮಾನಿಸಿ.) ಅಂಕಿತ ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಅಂಕಿತ ಅಂಟಿಸುವುದು ಸುಲಭ. ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಾಕಿ ಹುಡುಕಿದರೆ ವಚನ ಇದೆಯೋ ಇಲ್ಲವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಂದಹಾಗೆ, 12ನೇ ಶತಮಾನದ ಕಲ್ಯಾಣದಲ್ಲಿ ದೊಡ್ಡ ಕ್ಷೋಭೆಯಾಗಿ ಶರಣರು ಚದುರಿಹೋದ ಮೇಲೂ ವಚನಗಳು ಉಳಿದದ್ದು ಹೇಗೆ? ಜನ ಓಲೆಗರಿಗಳನ್ನು ಕೈಬಿಡಲಿಲ್ಲ. ಶತಮಾನಗಳ ನಂತರ ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಮನೆ-ಮಠಗಳಿಂದ ಅವನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಹಳೆಯದನ್ನೆಲ್ಲ ಬಿಟ್ಟುಬಿಡಿ ಎಂಬ ಮಾತನ್ನು ಬಸವಣ್ಣನವರ ತಲೆಗೆ ಕಟ್ಟುವ ಮೊದಲು ಇದನ್ನೊಮ್ಮೆ ನೆನೆಯಬಹುದು.

‘ಬಿಟ್ಟುಬಿಡಿ’ ಎಲ್ಲಿಂದ ಬಂತು?

ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳಬೇಕು ಎಂಬುದಕ್ಕೆ ವೈಜ್ಞಾನಿಕ ರೂಪ ಕೊಟ್ಟವರಲ್ಲಿ ಮುಖ್ಯರು ಸಿಗ್ಮಂಡ್ ಫ್ರಾಯ್ಡ್. 1917ರ ಪ್ರಬಂಧವೊಂದರಲ್ಲಿ ಅವರು ಶೋಕದ ಕೆಲಸವೇ ಅದು ಎಂದರು. 1920ರ ಜನವರಿಯಲ್ಲಿ ಅವರ ಮಗಳು ಸೋಫಿ ತೀರಿಕೊಂಡಳು, ಅಂದಿನ ಜಾಗತಿಕ ಇನ್‌ಫ್ಲುಯೆಂಜಾ ಸಾಂಕ್ರಾಮಿಕದಲ್ಲಿ. ಒಂಬತ್ತು ವರ್ಷಗಳ ನಂತರ, ಅವಳ ಹುಟ್ಟುಹಬ್ಬದ ದಿನ, ಮಗನನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ ಫ್ರಾಯ್ಡ್ ಪತ್ರ ಬರೆದರು. ಆ ಖಾಲಿ ಜಾಗ ತುಂಬುವುದಿಲ್ಲ, ತುಂಬದೆ ಇರುವುದೇ ಸರಿ, ಪ್ರೀತಿ ಉಳಿಯುವ ದಾರಿ ಅದು ಎಂಬುದು ಪತ್ರದ ಭಾವ. ಸಿದ್ಧಾಂತ ಬರೆದ ಮನುಷ್ಯನ ಕೈಲೇ ಆಗಲಿಲ್ಲ.

1990ರ ದಶಕದಿಂದ ಈಚೆಗೆ ಶೋಕದ ಸಂಶೋಧಕರೂ ‘ಸಂಬಂಧ ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ’ ಎಂಬ ಕಡೆಗೆ ಹೊರಳಿದ್ದಾರೆ. ಫಾರ್ವರ್ಡ್‌ಗಳಲ್ಲಿ ಬರುವ ‘ದುಃಖದ 5 ಹಂತ’ ಕೂಡ ಇಲ್ಲಿ ಹೇಳಬೇಕಾದದ್ದೇ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿರುವ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ. ಎಲ್ಲರೂ ಒಂದೇ ಕ್ರಮದಲ್ಲಿ ಆ ಮೆಟ್ಟಿಲು ಹತ್ತುವುದಿಲ್ಲ.

ನಮ್ಮ ಊರಿಗೆ ಇದು ಹೊಸ ವಿಷಯವೇನಲ್ಲ. ಕಲ್ಯಾಣ ನಗರ, ಎಚ್‌ಆರ್‌ಬಿಆರ್ ಬಡಾವಣೆ, ಬಾಣಸವಾಡಿ, ಕಮ್ಮನಹಳ್ಳಿ ಸುತ್ತ ಎಷ್ಟು ಬಗೆಯ ಜನ ಇದ್ದಾರೆ ನೋಡಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರು, ತೀರಿಕೊಂಡವರಿಗೆ ಇಷ್ಟವಾದ ತಿಂಡಿಯನ್ನೇ ಮಾಡುತ್ತಾರೆ. ನವೆಂಬರ್ 2ರಂದು ಕ್ರೈಸ್ತ ಕುಟುಂಬಗಳು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತವೆ. ಷಬ್-ಎ-ಬರಾತ್ ರಾತ್ರಿ ಮುಸ್ಲಿಮರು ಕಬರಸ್ತಾನಕ್ಕೆ ಹೋಗುತ್ತಾರೆ. ಮೂರೂ ಕಡೆ ನೆನಪಿಗೆ ಒಂದು ದಿನ, ಒಂದು ಜಾಗ, ಕೈಗೊಂದು ಕೆಲಸ ಕೊಟ್ಟಿದ್ದಾರೆ. ಎಡೆ ಇಟ್ಟ ಮರುದಿನ ಮತ್ತೆ ಆಫೀಸು, ಅಂಗಡಿ, ಶಾಲೆ.

2021ರಲ್ಲಿ ಮುರಿದುಬಿದ್ದದ್ದು ಇದೇ. ಕೊನೆಯ ಮುಖ ನೋಡಲಾಗಲಿಲ್ಲ, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ನಲವತ್ತನೇ ದಿನದ ಪ್ರಾರ್ಥನೆ ಎಷ್ಟೋ ಮನೆಗಳಲ್ಲಿ ನಡೆಯಲಿಲ್ಲ. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಪಡೆಯದೆ ಉಳಿದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಹೀಗೆ ಅರ್ಧಕ್ಕೆ ನಿಂತ ವಿದಾಯಗಳನ್ನು ಹೊತ್ತವರಿಗೆ ‘ಮರೆತು ಮುಂದೆ ಸಾಗಿ’ ಎಂದರೆ ಅದು ಎಲ್ಲಿಗೆ ತಾಗುತ್ತದೆ ಎಂದು ಯೋಚಿಸಬೇಕು. ತಡವಾದರೂ ಆ ಕಾರ್ಯವನ್ನು ತಮಗೆ ಬೇಕಾದಂತೆ ಮಾಡಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ಓದುವುದರಿಂದ ಉಪಯೋಗ ಇಲ್ಲವೇ?

ಇದೆ, ಆದರೆ ಎಲ್ಲ ಓದೂ ಒಂದೇ ಅಲ್ಲ. ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಸಕಾರಾತ್ಮಕ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ ಎಂದು ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು ಕೆಲವರಿಗೆ ಸೂಚಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲೇ ಆತ್ಮವಿಶ್ವಾಸ ಇದ್ದವರಿಗೆ ತುಸು ಹಿತವಾಯಿತು, ಕುಗ್ಗಿದ್ದವರು ಇನ್ನಷ್ಟು ಕುಗ್ಗಿದರು. ಯಾರಿಗೆ ಬೇಕಿತ್ತೋ ಅವರಿಗೇ ಕೆಲಸ ಮಾಡಲಿಲ್ಲ.

ಕೆಲಸ ಕೊಡುವ ಪುಸ್ತಕಗಳದ್ದು ಬೇರೆ ಮಾತು. ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್ ದೇಶ-ಪ್ರದೇಶಗಳ 4,598 ಮಂದಿಯ ಮೇಲೆ ಕ್ಷಮೆಯ ಬಗೆಗಿನ ಅಭ್ಯಾಸಪುಸ್ತಕವೊಂದನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರು ಗಂಟೆಯ ಕೆಲಸ: ಆದ ನೋವನ್ನು ಬರೆಯುವುದು, ಎದುರಿನವರ ಕಡೆಯಿಂದ ನೋಡುವುದು, ಇತ್ಯಾದಿ. ಪುಸ್ತಕ ಮಾಡಿದವರಲ್ಲಿ ಕ್ಷಮೆಯ ಭಾವ ಹೆಚ್ಚಿತು, ಖಿನ್ನತೆ, ಆತಂಕದ ಲಕ್ಷಣ ತಗ್ಗಿತು.

ಡೈರಿ ಬರೆಯುವುದೂ ಹಾಗೆಯೇ. ಜೇಮ್ಸ್ ಪೆನ್ನಬೇಕರ್ 1986ರಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಕಹಿ ಅನುಭವ ಬರೆಯಲು ಹೇಳಿದರು. ಬರೆದ ಕೂಡಲೇ ಬೇಸರ ಹೆಚ್ಚಿತು, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. 2006ರಲ್ಲಿ 146 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಲಾಭ ಇದೆ, ಆದರೆ ಸಣ್ಣದು ಎಂದು ಕಂಡಿತು. ಸಂಗಾತಿಯನ್ನು ಇತ್ತೀಚೆಗಷ್ಟೇ ಕಳೆದುಕೊಂಡವರ ಮೇಲೆ ನಡೆದ 2002ರ ಅಧ್ಯಯನದಲ್ಲಿ ಬರೆದವರಿಗೂ ಬರೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಪವಾಡ ನಿರೀಕ್ಷಿಸಬೇಡಿ ಎಂಬುದಕ್ಕೆ ಇದನ್ನು ಹೇಳಿದೆವು.

ಕಗ್ಗವೋ ವಚನವೋ ಧಮ್ಮಪದವೋ ಬೈಬಲ್ಲೋ ಕುರಾನೋ, ಇಷ್ಟವಾದದ್ದನ್ನು ಓದಿ. ದಿನಕ್ಕೆ ಇಪ್ಪತ್ತು ಚಿತ್ರ ಫಾರ್ವರ್ಡ್ ಆಗಿ ಬರುವುದಕ್ಕಿಂತ ಒಂದು ಪುಟವನ್ನು ನಿಧಾನವಾಗಿ ಓದಿ ಇನ್ನೊಬ್ಬರೊಂದಿಗೆ ಮಾತಾಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಒಂದು ಕಡೆ ಮಾತ್ರ ಈ ಫಾರ್ವರ್ಡ್ ಅಪಾಯಕಾರಿ

ಹೊಡೆಯುವ ಗಂಡನ ಜತೆ ಬದುಕುತ್ತಿರುವ ಹೆಣ್ಣುಮಗಳಿಗೆ ಇದೇ ಮೆಸೇಜ್ ಹೋದರೆ? ‘ಕ್ಷಮಿಸಿ, ಮರೆಯಿರಿ’ ಎಂದು ಅವಳ ತಾಯಿಯೇ ಕಳುಹಿಸಿರಬಹುದು. ಅಲ್ಲಿ ‘ಹಿಂದಿನದು’ ಮುಗಿದೇ ಇಲ್ಲ, ನಾಳೆಯೂ ನಡೆಯಲಿದೆ. ಹೊಸದಾಗಿ ಮದುವೆಯಾದ ದಂಪತಿಗಳನ್ನು 4 ವರ್ಷ ಗಮನಿಸಿದ ಜೇಮ್ಸ್ ಮೆಕ್‌ನಲ್ಟಿ 2011ರಲ್ಲಿ ವರದಿ ಮಾಡಿದ್ದು ಇದನ್ನು: ಸಂಗಾತಿ ಹೆಚ್ಚು ಕ್ಷಮಿಸುವ ಸ್ವಭಾವದವರಾಗಿದ್ದ ಕಡೆ ಬೈಗುಳ, ಹೊಡೆತ ಹಾಗೆಯೇ ಮುಂದುವರಿಯಿತು. ಕ್ಷಮೆಯ ಅಭ್ಯಾಸ ಕಲಿಸುವ ತಜ್ಞರೂ ಕ್ಷಮಿಸುವುದು ಬೇರೆ, ಮರಳಿ ಹೋಗಿ ಅದೇ ಮನೆಯಲ್ಲಿ ಇರುವುದು ಬೇರೆ ಎನ್ನುತ್ತಾರೆ. ಇಂಥ ಸ್ಥಿತಿಯಲ್ಲಿ ಬೇಕಾದದ್ದು ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಯಾವಾಗ ಸಹಾಯ ಕೇಳಬೇಕು?

ದುಃಖ ಕಾಯಿಲೆಯಲ್ಲ. ಆದರೆ ಕೆಲವರಲ್ಲಿ ಅದು ತಿಳಿಯಾಗದೆ, ದಿನದ ಕೆಲಸವನ್ನೂ ಮಾಡಲಾಗದಂತೆ ಹಿಡಿದು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 6 ತಿಂಗಳು, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ 12 ತಿಂಗಳು ಮೀರಿ ಹೀಗಿದ್ದರೆ ಅದನ್ನು ದೀರ್ಘಕಾಲದ ಶೋಕದ ತೊಂದರೆ ಎಂದು ಗುರುತಿಸುತ್ತಾರೆ. ವರ್ಷಗಳ ನಂತರವೂ ಗಂಡನ ನೆನಪಾಗಿ ಕಣ್ಣೀರು ಬರುವುದು ಇದಲ್ಲ. ಇದಕ್ಕಾಗಿ ಕ್ಯಾಥರೀನ್ ಶಿಯರ್ ರೂಪಿಸಿದ ಚಿಕಿತ್ಸೆಯನ್ನು 2005ರಲ್ಲಿ ಪರೀಕ್ಷಿಸಿದಾಗ ಶೇ 51 ಮಂದಿಗೆ ಗುಣ ಕಂಡಿತು, ಹೋಲಿಕೆಗೆ ಇಟ್ಟ ಇನ್ನೊಂದು ಚಿಕಿತ್ಸೆಯಲ್ಲಿ ಶೇ 28. ಆ ಚಿಕಿತ್ಸೆಯಲ್ಲಿ ರೋಗಿ ಸಾವಿನ ದಿನದ ಕತೆಯನ್ನು ಚಿಕಿತ್ಸಕರ ಮುಂದೆ ಮತ್ತೆ ಹೇಳುತ್ತಾರೆ, ನೆನಪುಗಳನ್ನು ತರುತ್ತಾರೆ, ಇಷ್ಟು ದಿನ ತಪ್ಪಿಸಿಕೊಂಡ ಜಾಗಗಳಿಗೆ ಹೋಗುತ್ತಾರೆ. ಮರೆಯಲು ಕಲಿಸುವ ಪಾಠ ಅದರಲ್ಲಿಲ್ಲ.

ನಿದ್ದೆ, ಊಟ ಕೆಟ್ಟಿದ್ದರೆ, ಬದುಕು ಬೇಡ ಎನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸಹಾಯವಾಣಿ. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

ನಮಗೆ ಬರೆದ ಓದುಗರು ಗ್ರೂಪ್‌ನಲ್ಲಿ ಏನೆಂದು ಉತ್ತರಿಸಲಿ ಎಂದೂ ಕೇಳಿದ್ದರು. ಉತ್ತರಿಸಲೇಬೇಕೆಂದಿಲ್ಲ ಎಂದೆವು. ಬೇಕಿದ್ದರೆ ‘ಮರೆಯುವುದು ಬೇಡ, ಒಂದು ದಿನ ಮನೆಗೆ ಬನ್ನಿ, ಅವರ ಬಗ್ಗೆ ಮಾತಾಡೋಣ’ ಎಂದು ಬರೆಯಬಹುದು. 11 ಜನರಿಗೆ ಕಳುಹಿಸಬೇಕಿದ್ದ ಆ ಮೆಸೇಜನ್ನು ಅವರು ಕಳುಹಿಸಿದ್ದು ಒಬ್ಬರಿಗೆ ಮಾತ್ರ, ನಮಗೆ. 4 ದಿನ ಕಳೆದು ಬಹಳ ಹೊತ್ತಾಗಿದೆ, ಏನೂ ಆಗಿಲ್ಲ.